ಮೊದಲ ಸಲ ಫ್ರೀಲ್ಯಾನ್ಸರ್‌ಗೆ ಕೆಲಸ ಕೊಡುತ್ತಿದ್ದೇನೆ. ಅದಕ್ಕೂ ಮುಂಚೆ ನನ್ನ ಕಡೆ ಏನೆಲ್ಲ ಸಿದ್ಧ ಇರಬೇಕು?

ಸೂಜಿದಾರ ಕೇಳಿದ್ದು:

ನಮಸ್ಕಾರ. ನಾನು, ನನ್ನ ತಂಗಿ ಸೇರಿ ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರುತ್ತೇವೆ. ಇರುವುದು ನಾವಿಬ್ಬರೇ. ಹಾಳೆ ಮಡಚುವುದು, ತೂತು ಹಾಕುವುದು, ಮೇಣ ಹಚ್ಚಿದ ದಾರದಲ್ಲಿ ಹೊಲಿಯುವುದು, ರಟ್ಟು ಅಂಟಿಸುವುದು, ಪ್ಯಾಕ್ ಮಾಡುವುದು, ಬಂದ ಮೇಲ್‌ಗಳಿಗೆ ಉತ್ತರ ಬರೆಯುವುದು, ಎಲ್ಲ ನಮ್ಮದೇ. ಈಗ 38 ಬಗೆಯ ಪುಸ್ತಕಗಳಿವೆ. ಮುಕ್ಕಾಲು ಪಾಲು ಮಾರಾಟ ನಮ್ಮ ವೆಬ್‌ಸೈಟಿನಿಂದಲೇ.

ಆ ವೆಬ್‌ಸೈಟೇ ಈಗ ತಲೆನೋವಾಗಿದೆ. ಐದು ವರ್ಷದ ಹಿಂದೆ ಪರಿಚಯದವರೊಬ್ಬರು ವರ್ಡ್‌ಪ್ರೆಸ್ ಅನ್ನುವ, ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆದರೆ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಅವರ ಖಾತೆಯಲ್ಲಿ ನೋಂದಣಿಯಾಗಿತ್ತು. ಅದು ನಮಗೆ ಗೊತ್ತಾಗಿದ್ದು ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ ಸೈಟ್ ತೆರೆಯದೇ ಹೋದಾಗ. ನವೀಕರಣದ ನೆನಪಿನ ಮೇಲ್ ಅವರು ಬಿಟ್ಟುಬಿಟ್ಟಿದ್ದ ಹಳೆಯ ಇಮೇಲ್‌ಗೆ ಹೋಗಿತ್ತು. ಅವರನ್ನು ಹುಡುಕಿ, ಹಣ ಕಟ್ಟಿ, ಸೈಟ್ ಮತ್ತೆ ಬರುವ ಹೊತ್ತಿಗೆ 9 ದಿನ ಕಳೆದಿತ್ತು. ಆ 9 ದಿನ ಯಾರು ಬಂದು ವಾಪಸ್ ಹೋದರೋ ಗೊತ್ತೇ ಆಗಲಿಲ್ಲ. ತಂಗಿ ರಾತ್ರಿ ನಿದ್ದೆ ಮಾಡಲಿಲ್ಲ.

ಆಗಲೇ ತೀರ್ಮಾನಿಸಿದೆವು, ಇನ್ನು ಮೇಲೆ ಕೆಲಸ ಗೊತ್ತಿರುವವರ ಹತ್ತಿರ ದುಡ್ಡು ಕೊಟ್ಟೇ ಕೆಲಸ ಮಾಡಿಸೋಣ ಅಂತ. ಒಂದು ಫ್ರೀಲ್ಯಾನ್ಸ್ ತಾಣದಲ್ಲಿ, ಅಂದರೆ ಬಿಡಿ ಕೆಲಸಗಳನ್ನು ಸ್ವತಂತ್ರವಾಗಿ ಮಾಡಿಕೊಡುವವರು ಸಿಗುವ ಕಡೆ, ಜಾಹೀರಾತು ಹಾಕಿದೆ. ‘ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್, ಲೋಗೋ, ಫೋಟೋ ಮತ್ತು ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು ಬೇಕು’ ಅಂತ ಬರೆದಿದ್ದೆ. ಒಂದೇ ದಿನಕ್ಕೆ 27 ಜನ ಬರೆದರು. ಎಲ್ಲರೂ ‘ಖಂಡಿತ ಮಾಡಿಕೊಡುತ್ತೇವೆ’ ಅಂದರು. ಯಾರನ್ನು ಆರಿಸಬೇಕು, ಯಾವುದನ್ನು ನೋಡಿ ಆರಿಸಬೇಕು ಒಂದೂ ತಿಳಿಯಲಿಲ್ಲ. ಒಬ್ಬರು ಮಾತ್ರ ‘ಇದರಲ್ಲಿ ಮೊದಲು ಯಾವುದು ಬೇಕು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಾಹೀರಾತು ತೆಗೆದುಹಾಕಿದೆ.

ಹಾಗಾಗಿ ಕೇಳುತ್ತಿದ್ದೇನೆ. ಆರಿಸುವ ಮಾತು ಆಮೇಲೆ ಇರಲಿ. ಅದಕ್ಕೂ ಮುಂಚೆ ನಾವು ಏನು ಮಾಡಿಟ್ಟುಕೊಂಡಿರಬೇಕು? ಕೆಲಸ ಕೊಟ್ಟು ರೂಢಿ ಇರುವವರು, ಫ್ರೀಲ್ಯಾನ್ಸರ್ ಆಗಿ ಕೆಲಸ ಮಾಡುವವರು, ಇಬ್ಬರೂ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಕೀಬೋರ್ಡ್ ಬರೆದದ್ದು:

ಮೇಡಂ, ನಾನು 14 ವರ್ಷದಿಂದ ಫ್ರೀಲ್ಯಾನ್ಸ್ ವೆಬ್ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿನವು ನಿಮ್ಮ ಹಾಗೆ ಒಬ್ಬರು, ಇಬ್ಬರು ನಡೆಸುವ ವ್ಯಾಪಾರಗಳೇ. ಕೆಲಸ ತೆಗೆದುಕೊಳ್ಳುವವನ ಕಡೆಯಿಂದ ನನಗೆ ಕಂಡದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಜಾಹೀರಾತು, ಒಪ್ಪಂದ ಎಲ್ಲ ಪಕ್ಕಕ್ಕಿಡಿ. ಇವತ್ತೇ ಡೊಮೇನ್ ನೋಡಿ. ರಿಜಿಸ್ಟ್ರಾರ್ (ಡೊಮೇನ್ ನೋಂದಣಿ ಮಾಡಿಕೊಡುವ ಕಂಪನಿ) ಹತ್ತಿರ ಇರುವ ಖಾತೆ ಯಾರ ಇಮೇಲ್‌ನಲ್ಲಿದೆ? ಮಾಲೀಕರ ಜಾಗದಲ್ಲಿ ಯಾರ ಹೆಸರಿದೆ? ಪ್ರತಿ ವರ್ಷ ಹಣ ಹೋಗುವುದು ಯಾರ ಕಾರ್ಡಿನಿಂದ? ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ಸರಿ ಇದ್ದರೆ ಮಿಕ್ಕಿದ್ದೂ ಸರಿ ಇರುತ್ತದೆ ಅಂದುಕೊಳ್ಳಬೇಡಿ. ಇನ್ನೊಂದು ವಿಷಯ ತುಂಬ ಜನಕ್ಕೆ ಹೊಳೆಯುವುದಿಲ್ಲ. ಆ ಖಾತೆಗೆ ಕೊಡುವ ಇಮೇಲ್ ನಿಮ್ಮ ಅದೇ ಡೊಮೇನಿನ ಮೇಲೆ ಇರಬಾರದು. ಡೊಮೇನ್ ನಿಂತುಹೋದರೆ ಆ ಮೇಲ್ ಕೂಡ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಾಯಿಸುವ ಲಿಂಕ್ ಕೂಡ ನಿಮಗೆ ಸಿಗುವುದಿಲ್ಲ.

9 ದಿನಕ್ಕೆ ವಾಪಸ್ ಸಿಕ್ಕಿದ್ದು ಒಳ್ಳೆಯದಾಯಿತು. ಡಾಟ್ ಕಾಮ್‌ನಂಥ ಹೆಸರುಗಳು ಅವಧಿ ಮುಗಿದು ಅಳಿಸಿಹೋದ ಮೇಲೂ 30 ದಿನ ಮರಳಿ ಪಡೆಯಲು ಅವಕಾಶ ಇರುತ್ತದೆ. ಆದರೆ ಅದಕ್ಕೆ ನವೀಕರಣದ ಹಣ ಬಿಟ್ಟು ಬೇರೆ ಶುಲ್ಕ ಕಟ್ಟಬೇಕು. ಆ ಅವಧಿಯೂ ದಾಟಿದರೆ ಹೆಸರು ಯಾರು ಬೇಕಾದರೂ ಕೊಳ್ಳಬಹುದು. ಐದು ವರ್ಷ ಕಟ್ಟಿದ ಹೆಸರು, ಅಲ್ವಾ? ಅದನ್ನು ಹೊಸಬರ ಕೈಗೆ ಕೊಡುವ ಮುಂಚೆ ನಿಮ್ಮ ಕೈಗೆ ತೆಗೆದುಕೊಳ್ಳಿ.

ಹೋಸ್ಟಿಂಗ್‌ಗೂ, ಅಂದರೆ ಸೈಟ್ ಇಡುವ ಬಾಡಿಗೆ ಜಾಗಕ್ಕೂ, ಇದೇ ಮಾತು. ಮತ್ತೆ ಬ್ಯಾಕಪ್. ವರ್ಡ್‌ಪ್ರೆಸ್‌ನಲ್ಲಿ ಫೈಲುಗಳು ಒಂದು ಕಡೆ ಇರುತ್ತವೆ, ಡೇಟಾಬೇಸ್ ಇನ್ನೊಂದು ಕಡೆ. ಬರೀ ಫೈಲುಗಳನ್ನು ನಕಲು ಮಾಡಿಟ್ಟರೆ ಫೋಟೋಗಳು ಸಿಗುತ್ತವೆ. ಪುಟಗಳಲ್ಲಿ ನೀವು ಬರೆದದ್ದು, ಆರ್ಡರ್‌ಗಳ ಲೆಕ್ಕ ಸಿಗುವುದಿಲ್ಲ. ಎರಡನ್ನೂ ಇಳಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲಿ ಒಂದು ನಕಲು, ಹೊರಗಿನ ಡಿಸ್ಕಿನಲ್ಲಿ ಒಂದು ನಕಲು ಇಡಿ. ಹೊಸಬರು ಬಂದು ಏನಾದರೂ ಕೆಟ್ಟರೂ ನಿನ್ನೆಯ ಅಂಗಡಿಯನ್ನು ಮತ್ತೆ ತೆರೆಯಬಹುದು.

ಈಗ ಆ ಜಾಹೀರಾತು. ನಾನೂ ಅಂಥದನ್ನು ದಿನಾ ನೋಡುತ್ತೇನೆ. ವೆಬ್‌ಸೈಟ್, ಲೋಗೋ, ಫೋಟೋ, ಸೋಷಿಯಲ್ ಮೀಡಿಯಾ, ಇವು ನಾಲ್ಕು ಬೇರೆ ಬೇರೆ ಕಸುಬು. ನಾಲ್ಕನ್ನೂ ಚೆನ್ನಾಗಿ ಬಲ್ಲವರು ಇಲ್ಲ ಅಂತಲ್ಲ, ಆದರೆ ಕಡಿಮೆ. ನಾಲ್ಕೂ ಒಟ್ಟಿಗೆ ಕೇಳಿದರೆ ಕಸುಬು ಬಲ್ಲವರು ಸುಮ್ಮನೆ ಮುಂದೆ ಹೋಗುತ್ತಾರೆ. ‘ಖಂಡಿತ ಮಾಡಿಕೊಡುತ್ತೇವೆ’ ಅನ್ನುವವರು ಉಳಿಯುತ್ತಾರೆ. ನಿಮಗೆ 27 ಉತ್ತರಗಳಲ್ಲಿ ವ್ಯತ್ಯಾಸ ಕಾಣದೇ ಇದ್ದದ್ದು ನಿಮ್ಮ ತಪ್ಪಲ್ಲ. ಅವರಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ, ಅಷ್ಟೇ. ಅವರ ಪೈಕಿ ಒಬ್ಬರು ‘ಮೊದಲು ಯಾವುದು’ ಅಂತ ಕೇಳಿದರಲ್ಲ, ಅವರ ಹೆಸರು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ನನ್ನ ಸಲಹೆ ಇಷ್ಟು. ಒಂದು ವಾರ ಯಾರನ್ನೂ ಹುಡುಕಬೇಡಿ. ನಿಮ್ಮದೇ ಒಂದು ನೋಟ್‌ಬುಕ್ ತೆಗೆದು ಕೆಲಸದ ಮೇಜಿನ ಮೇಲೆ ಇಡಿ. ಸೈಟಿಗೆ ಸಂಬಂಧಪಟ್ಟ ಕೆಲಸ ಮಾಡಿದಾಗೆಲ್ಲ ಏನು ಮಾಡಿದಿರಿ, ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಸಿಟ್ಟು ಬಂತು, ಬರೆಯಿರಿ. ಗ್ರಾಹಕರು ಏನು ಕೇಳಿದರು ಅದನ್ನೂ ಅವರ ಮಾತಿನಲ್ಲೇ ಬರೆಯಿರಿ. ಕಳೆದ ಎರಡು ಮೂರು ತಿಂಗಳ ಮೇಲ್‌ಗಳನ್ನೂ ಒಮ್ಮೆ ತಿರುವಿ ಹಾಕಿ. ನನ್ನ ಹತ್ತಿರ ‘ಹೊಸ ಸೈಟ್ ಬೇಕು’ ಅಂತ ಬಂದವರಲ್ಲಿ ಎಷ್ಟೋ ಜನಕ್ಕೆ ಹೊಸ ಸೈಟ್ ಬೇಕಿರಲಿಲ್ಲ. ಇದ್ದ ಸೈಟಿನಲ್ಲಿ ಎರಡು ಮೂರು ಕಡೆ ರಿಪೇರಿ ಸಾಕಿತ್ತು. ಅದು ಯಾವ ಎರಡು ಮೂರು ಕಡೆ ಅನ್ನುವುದು ನನಗೆ ತಿಳಿಯುವುದಿಲ್ಲ. ದಿನಾ ಅಂಗಡಿ ನಡೆಸುವ ನಿಮಗೆ ಮಾತ್ರ ತಿಳಿಯುತ್ತದೆ.

ಕೊನೆಗೆ ಕೀಲಿಯ ಮಾತು. ಫ್ರೀಲ್ಯಾನ್ಸರ್‌ಗೆ ನಿಮ್ಮ ಪಾಸ್‌ವರ್ಡ್ ಯಾವತ್ತೂ ಕೊಡಬೇಡಿ. ವರ್ಡ್‌ಪ್ರೆಸ್‌ನಲ್ಲಿ ಅವರ ಹೆಸರಿಗೇ ಬೇರೆ ಖಾತೆ ಮಾಡಬಹುದು. ಬರೀ ಪುಟಗಳನ್ನು ತಿದ್ದುವವರಿಗೆ ಎಡಿಟರ್ ಅನ್ನುವ ಬಗೆಯ ಖಾತೆ ಸಾಕು. ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟಿಗೆ ಅಂಗಡಿ ಸೇರಿಸುವ ತಂತ್ರಾಂಶ) ಇದ್ದರೆ ಅಂಗಡಿ ನೋಡಿಕೊಳ್ಳಲು ಶಾಪ್ ಮ್ಯಾನೇಜರ್ ಅಂತ ಒಂದು ಬಗೆ ಇದೆ. ಥೀಮ್ (ಸೈಟಿನ ರೂಪ), ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚಿನ ಸೌಲಭ್ಯ) ಮುಟ್ಟುವವರಿಗೆ ಮಾತ್ರ ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆ ಬೇಕು. ಅದನ್ನೂ ಕೆಲಸ ಮುಗಿದ ದಿನ ತೆಗೆಯಿರಿ. ಸಾಧ್ಯವಾದರೆ ಸೈಟಿನ ಒಂದು ನಕಲು ಮಾಡಿಸಿ, ಅದರಲ್ಲಿರುವ ಗ್ರಾಹಕರ ಹೆಸರು, ವಿಳಾಸ, ಫೋನ್ ಅಳಿಸಿ, ಅಲ್ಲಿ ಕೆಲಸ ಮಾಡಿಸಿ. ಒಳ್ಳೆಯ ಫ್ರೀಲ್ಯಾನ್ಸರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನನಗಂತೂ ಬೇರೆಯವರ ಗ್ರಾಹಕರ ವಿಳಾಸ ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೇ ನೆಮ್ಮದಿ.

ಮಣ್ಣಿನ ಕುಂಡ ಬರೆದದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಗಿಡದ ಕುಂಡ ಮಾಡುವವನು. ಕಂಪ್ಯೂಟರ್ ವಿಷಯ ಅಷ್ಟು ಗೊತ್ತಿಲ್ಲ. ಆದರೆ ಲೋಗೋ ಮಾಡಿಸಿ ಪೆಟ್ಟು ತಿಂದಿದ್ದೇನೆ, ಅದನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದೆ ಒಬ್ಬ ಫ್ರೀಲ್ಯಾನ್ಸ್ ಡಿಸೈನರ್ ಹತ್ತಿರ ಲೋಗೋ ಮಾಡಿಸಿದೆ. ಚೆನ್ನಾಗಿತ್ತು. ಈಗಲೂ ಅದೇ ಇದೆ. ಕೈಗೆ ಬಂದದ್ದು ಒಂದು ಪಿಎನ್‌ಜಿ ಫೈಲ್, ಅಗಲ 600 ಪಿಕ್ಸೆಲ್. ಫೋನಿನಲ್ಲಿ ಲಕಲಕ ಅನ್ನುತ್ತಿತ್ತು. ದುಡ್ಡು ಕೊಟ್ಟೆ, ಥ್ಯಾಂಕ್ಸ್ ಹೇಳಿದೆ, ಮುಗಿಯಿತು. ಆರು ತಿಂಗಳಾದ ಮೇಲೆ ಡಬ್ಬಿಯ ಮೇಲೆ ಅಚ್ಚು ಹಾಕಿಸಲು ಹೋದೆ. ಪ್ರಿಂಟರ್ ಫೈಲ್ ನೋಡಿ, ಇದನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಹಾಕಿದರೆ 2 ಇಂಚು ಅಗಲ ಬರುತ್ತದೆ, ಅದಕ್ಕಿಂತ ಹಿಗ್ಗಿಸಿದರೆ ಅಂಚು ಒಡೆಯುತ್ತದೆ ಅಂದರು. ವೆಕ್ಟರ್ ಫೈಲ್ ತನ್ನಿ ಅಂದರು. ಹಾಗಂದರೆ ಏನು ಅಂತ ನನಗೆ ಆವತ್ತು ಗೊತ್ತಾಯಿತು. ಎಸ್‌ವಿಜಿ ಥರದ ಫೈಲಿನಲ್ಲಿ ಚಿತ್ರ ಚುಕ್ಕಿಗಳಾಗಿ ಇರುವುದಿಲ್ಲ, ಗೆರೆಗಳ ಲೆಕ್ಕವಾಗಿ ಇರುತ್ತದೆ. ಬೆರಳುಗುರಿನಷ್ಟು ಮಾಡಿ, ಗೋಡೆಯಷ್ಟು ಮಾಡಿ, ಅಂಚು ಹಾಗೇ ಉಳಿಯುತ್ತದೆ.

ಡಿಸೈನರ್‌ಗೆ ಫೋನ್ ಮಾಡಿದೆ. ಮೂಲ ಫೈಲ್ ನಮ್ಮ ಮಾತಿನಲ್ಲಿ ಇರಲಿಲ್ಲ, ಅದಕ್ಕೆ ಬೇರೆ ಹಣ ಆಗುತ್ತದೆ ಅಂದರು. ಅವತ್ತು ತುಂಬ ಕೋಪ ಬಂತು. ಆಮೇಲೆ ನಮ್ಮ ಹಳೆಯ ಮೆಸೇಜುಗಳನ್ನು ತೆಗೆದು ಓದಿದೆ. ಅವರು ಹೇಳಿದ್ದು ನಿಜ. ‘ಒಂದು ಲೋಗೋ ಮಾಡಿಕೊಡಿ’ ಅಂತ ನಾನು ಬರೆದಿದ್ದೆ, ಅವರು ಒಂದು ಲೋಗೋ ಮಾಡಿಕೊಟ್ಟಿದ್ದರು.

ಹಕ್ಕಿನ ವಿಷಯ ಇದಕ್ಕಿಂತ ದೊಡ್ಡದು. ದುಡ್ಡು ಕೊಟ್ಟ ಮೇಲೆ ಚಿತ್ರ ನನ್ನದೇ ಅಂದುಕೊಂಡಿದ್ದೆ. ಬರ್ನ್ ಒಪ್ಪಂದ ಅಂತ ಒಂದಿದೆ, 1886ರದು. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಚಿತ್ರವೋ ಬರಹವೋ ಮಾಡಿದ ಕೂಡಲೇ ಅದರ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಹೊರಗಿನವರು ಮಾಡಿಕೊಟ್ಟಾಗ ಆ ಹಕ್ಕು ಮೊದಲು ಯಾರದು ಅನ್ನುವುದು ಆಯಾ ದೇಶದ ಕಾನೂನಿನ ಮೇಲೆ ಹೋಗುತ್ತದೆ. ಬಹಳ ಕಡೆ ಮಾಡಿದವರದೇ. ನಿಮ್ಮ ಹೆಸರಿಗೆ ಬರಬೇಕಾದರೆ ಬರವಣಿಗೆಯಲ್ಲಿ ಇರಬೇಕು. ಹಾಗಾಗಿ ಕೆಲಸ ಶುರುವಾಗುವ ಮುಂಚೆಯೇ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಪೂರ್ತಿ ಹಣ ಕೊಟ್ಟ ದಿನ ಹಕ್ಕು ನಮಗೆ ವರ್ಗವಾಗುತ್ತದೆ ಅಂತ ಒಂದು. ಮೂಲ ಫೈಲುಗಳೂ ಸಿಗುತ್ತವೆ ಅಂತ ಇನ್ನೊಂದು. ಅವರು ತಮ್ಮ ಕೆಲಸದ ಮಾದರಿಯಾಗಿ ತೋರಿಸಿಕೊಳ್ಳಲು ಕೇಳಿದರೆ ಹೂಂ ಅನ್ನಿ. ಅದು ಅವರ ಹೊಟ್ಟೆಪಾಡು.

ಅಕ್ಷರದ ಫಾಂಟ್ ಯಾವುದು, ಅದರ ಲೈಸೆನ್ಸ್ ಯಾರ ಹೆಸರಿನಲ್ಲಿದೆ ಅಂತಲೂ ಕೇಳಿ. ಎಷ್ಟೋ ಫಾಂಟುಗಳಿಗೆ ಅಚ್ಚಿಗೆ ಬೇರೆ, ವೆಬ್‌ಸೈಟಿಗೆ ಬೇರೆ ಲೈಸೆನ್ಸ್ ಇರುತ್ತದೆ. ಡಿಸೈನರ್ ಕೊಂಡ ಲೈಸೆನ್ಸ್ ನಿಮಗೆ ತಾನಾಗಿ ಬರುವುದಿಲ್ಲ.

ಆ ಡಿಸೈನರ್ ಹತ್ತಿರವೇ ನಾನು ಮತ್ತೆ ಎರಡು ಸಲ ಕೆಲಸ ಮಾಡಿಸಿದ್ದೇನೆ. ಈಗ ಕೇಳಬೇಕಾದ್ದನ್ನು ಮುಂಚೆಯೇ ಕೇಳುತ್ತೇನೆ, ಅವರೂ ಮುಂಚೆಯೇ ಹೇಳುತ್ತಾರೆ.

ರಾತ್ರಿಪಾಳಿ ಬರೆದದ್ದು:

ನಾನು ಅನುವಾದ ಮತ್ತು ಬರವಣಿಗೆಯ ಫ್ರೀಲ್ಯಾನ್ಸರ್. ಎರಡೇ ವಿಷಯ ಸೇರಿಸುತ್ತೇನೆ.

ಒಂದು, ಪರೀಕ್ಷೆಗೆ ಅಂತ ಪುಕ್ಕಟೆ ಕೆಲಸ ಕೇಳಬೇಡಿ, ದಯವಿಟ್ಟು. ‘ಒಂದು ಪುಟ ಮಾಡಿ ತೋರಿಸಿ, ಇಷ್ಟವಾದರೆ ಕೊಡುತ್ತೇವೆ’ ಅನ್ನುವವರು ತುಂಬ ಜನ. ಹತ್ತು ಜನ ಹಾಗೆ ಕೇಳಿದರೆ ನನ್ನ ಒಂದು ವಾರ ಹೋಗುತ್ತದೆ, ಮನೆ ನಡೆಯುವುದಿಲ್ಲ. ಅದಕ್ಕೇ ಕೆಲಸ ಇರುವ ಒಳ್ಳೆಯವರು ಅಂಥಲ್ಲಿಗೆ ಬರುವುದಿಲ್ಲ. ಇಬ್ಬರನ್ನು ಆರಿಸಿ. ಅದೇ ಒಂದು ಸಣ್ಣ ಕೆಲಸ ಇಬ್ಬರಿಗೂ ಕೊಡಿ, ಇಬ್ಬರಿಗೂ ಹಣ ಕೊಡಿ. ಕೆಲಸ ಹೇಗೆ ಬಂತು ಅನ್ನುವುದರ ಜೊತೆಗೆ ಅವರು ಏನು ಕೇಳಿದರು, ಹೇಳಿದ ದಿನ ಕೊಟ್ಟರಾ, ತಡವಾಗುವುದಾದರೆ ಮುಂಚೆ ತಿಳಿಸಿದರಾ ನೋಡಿ. ಮಾದರಿ ಕೆಲಸಗಳ ಕಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ.

ಎರಡು, ಕ್ಯಾಲೆಂಡರ್. ನಿಮಗೆ ಆರ್ಡರ್ ಜಾಸ್ತಿ ಇರುವ ತಿಂಗಳಲ್ಲಿ ಕೆಲಸ ಕೊಡಬೇಡಿ. ನಾವು ಕಳಿಸಿದ್ದನ್ನು ಯಾರಾದರೂ ಕೂತು ನೋಡಬೇಕಲ್ಲ! ತಾಣಗಳ ಮೂಲಕ ಕೊಟ್ಟರೆ ಇದು ಇನ್ನೂ ಮುಖ್ಯ. ಫೈವರ್‌ನಲ್ಲಿ ಕೆಲಸ ಒಪ್ಪಿಸಿದ 3 ದಿನ ನೀವು ಏನೂ ಹೇಳದಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತದೆ. ಅಪ್‌ವರ್ಕ್‌ನಲ್ಲಿ ನಿಗದಿ ಮೊತ್ತದ ಕೆಲಸಕ್ಕೆ ನೋಡಲು 14 ದಿನ ಇರುತ್ತದೆ, ಆಮೇಲೆ ನೀವು ಮುಂಚೆ ಕಟ್ಟಿ ತಾಣ ತಡೆದಿಟ್ಟ ಹಣ ಫ್ರೀಲ್ಯಾನ್ಸರ್‌ಗೆ ತಾನಾಗಿ ಬಿಡುಗಡೆ ಆಗುತ್ತದೆ. ಆ ದಿನಗಳಲ್ಲಿ ನೀವು ಬಿಡುವಾಗಿ ಇರಬೇಕು.

ಹಾಂ, ಇನ್ನೊಂದು. ನೀವಿಬ್ಬರು ಅಕ್ಕತಂಗಿ. ಫ್ರೀಲ್ಯಾನ್ಸರ್ ಹತ್ತಿರ ಮಾತಾಡುವವರು ಒಬ್ಬರೇ ಇರಲಿ. ಒಬ್ಬರು ನೀಲಿ ಅಂದು ಇನ್ನೊಬ್ಬರು ಹಸಿರು ಅಂದರೆ ನಾವು ಮಧ್ಯೆ ಸಿಕ್ಕಿಕೊಳ್ಳುತ್ತೇವೆ.

ಸೂಜಿದಾರ ಬರೆದದ್ದು (ಹನ್ನೆರಡು ದಿನದ ನಂತರ):

ಎಲ್ಲರಿಗೂ ವಂದನೆ. ಹೇಳಿದ ಹಾಗೆ ಮಾಡಿದೆ. ಕಂಡದ್ದನ್ನು ಬರೆಯಲೇಬೇಕು.

ಡೊಮೇನ್ ಈಗ ನನ್ನ ಖಾತೆಯಲ್ಲಿದೆ. ಹಿಂದೆ ಮಾಡಿಕೊಟ್ಟವರೇ ಫೋನಿನಲ್ಲಿ ಒಂದು ಗಂಟೆ ಕೂತು ವರ್ಗಾಯಿಸಿ ಕೊಟ್ಟರು. ಅವರಿಗೂ ಆ ಭಾರ ಇಳಿದದ್ದು ಸಮಾಧಾನವೇ ಆಯಿತಂತೆ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿದ್ದೇವೆ. ಲಾಗಿನ್ ಕೈಕೊಟ್ಟರೆ ಖಾತೆಗೆ ಮತ್ತೆ ಹೋಗಲು ಬಳಸುವ ಕೋಡುಗಳನ್ನು ಕಾಗದದಲ್ಲಿ ಬರೆದು ತಂಗಿಯ ಹತ್ತಿರ ಇಟ್ಟಿದ್ದೇವೆ.

ವಾರದ ನೋಟ್‌ಬುಕ್ ಕಥೆ ಕೇಳಿ. ಕಳೆದ ಎರಡು ತಿಂಗಳಲ್ಲಿ ಗ್ರಾಹಕರಿಂದ ಬಂದ ಮೇಲ್‌ಗಳನ್ನು ಎಣಿಸಿದೆ, 64. ಅದರಲ್ಲಿ 41 ಎರಡೇ ಪ್ರಶ್ನೆ. ‘ಇದು ಎಷ್ಟು ದೊಡ್ಡದು, ಒಳಗೆ ಗೆರೆ ಇದೆಯಾ?’ ಮತ್ತೆ ‘ಇಂಕ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದಾ?’ ನಾವು ಪ್ರತಿ ಸಲ ಕೂತು ಉತ್ತರ ಬರೆಯುತ್ತಿದ್ದೆವು. ಪುಸ್ತಕದ ಪುಟದಲ್ಲಿ ಅಳತೆ ಇದೆ, ಆದರೆ ಫೋನಿನಲ್ಲಿ ನೋಡಿದರೆ ಐದಾರು ಫೋಟೋ ದಾಟಿದ ಮೇಲೆ ಕೆಳಗೆಲ್ಲೋ ಬರುತ್ತದೆ. ಕಾಗದದ ವಿಷಯ ಎಲ್ಲೂ ಬರೆದೇ ಇಲ್ಲ. ನಮಗೆ ಕಾಗದ ಕೈಗೆ ಗೊತ್ತು. ಮುಟ್ಟಿದರೆ ಸಾಕು. ಪರದೆಯ ಆ ಕಡೆ ಇರುವವರಿಗೆ ಮುಟ್ಟಲು ಆಗುವುದಿಲ್ಲ ಅನ್ನುವುದು ಐದು ವರ್ಷ ನಮ್ಮ ತಲೆಗೆ ಬರಲೇ ಇಲ್ಲ.

ನಾನೂ ತಂಗಿಯೂ ಈ 41ರ ಮುಂದೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆವು. ಲೋಗೋ ಬೇಡ. ಸೋಷಿಯಲ್ ಮೀಡಿಯಾ ಸದ್ಯಕ್ಕೆ ಬೇಡ. ಹೊಸ ಸೈಟೂ ಬೇಡ. ಪುಸ್ತಕದ ಪುಟ ಸರಿಯಾಗಬೇಕು. ಅಷ್ಟೇ.

ತಂಗಿ ಬಾಕ್ಸಿನಿಂದ ನಾಲ್ಕು ಬಗೆಯ ಕಾಗದ ತೆಗೆದು ಎಲ್ಲದರ ಮೇಲೂ ಒಂದೇ ಇಂಕ್ ಪೆನ್ನಿನಲ್ಲಿ ಬರೆದು, ಹಿಂದು ಮುಂದು ಎರಡೂ ಫೋಟೋ ತೆಗೆದಳು. ಕಿಟಕಿ ಬೆಳಕಿನಲ್ಲಿ ಫೋನಿನಲ್ಲೇ ತೆಗೆದದ್ದು. ನೋಡಿದ ಕೂಡಲೇ ಉತ್ತರ ಗೊತ್ತಾಗುತ್ತದೆ. ಫೋಟೋಗ್ರಾಫರ್ ಕೂಡ ಬೇಡವಾಯಿತು.

ಜಾಹೀರಾತು ಹೀಗೆ ಬರೆದಿದ್ದೇನೆ. ತಿದ್ದಿಕೊಡಿ.

‘ನಾವಿಬ್ಬರು ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರುತ್ತೇವೆ. ಸೈಟ್ ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್‌ನಲ್ಲಿದೆ. ಪುಸ್ತಕದ ಪುಟದ ವಿನ್ಯಾಸ ಬದಲಾಗಬೇಕು. ಫೋನಿನಲ್ಲಿ ನೋಡುವವರಿಗೆ ಅಳತೆ, ಗೆರೆ, ಕಾಗದ ಮೂರೂ ಬೇಗ ಕಾಣಬೇಕು. ನೋಡಲು ಚೆಂದವಾಗಿ, ಆಧುನಿಕವಾಗಿ ಇರಬೇಕು. ಬರಹ ಮತ್ತು ಫೋಟೋ ನಾವೇ ಕೊಡುತ್ತೇವೆ. 38 ಪುಸ್ತಕಗಳಿವೆ. ಆಸಕ್ತಿ ಇದ್ದವರು ಬರೆಯಿರಿ.’

ಹಳೆಯ ಕೀಬೋರ್ಡ್ ಬರೆದದ್ದು:

ಓದಿ ನನಗೇ ಖುಷಿಯಾಯಿತು. ಹೀಗೆ ಬರೆದವರಿಗೆ ನಾನು ಅದೇ ದಿನ ಉತ್ತರ ಕೊಡುತ್ತೇನೆ.

ಎರಡು ಪದ ತೆಗೆಯಿರಿ, ‘ಚೆಂದ’ ಮತ್ತು ‘ಆಧುನಿಕ’. ನನ್ನ ಚೆಂದ ಬೇರೆ, ನಿಮ್ಮದು ಬೇರೆ. ಕೊನೆಗೆ ಜಗಳ ಬರುವುದು ಇಂಥ ಪದದ ಮೇಲೆಯೇ. ಅದರ ಬದಲು ನಿಮಗೆ ಹಿಡಿಸಿದ ಮೂರು ಸೈಟುಗಳ ಕೊಂಡಿ ಕೊಟ್ಟು, ಒಂದೊಂದರಲ್ಲಿ ಏನು ಹಿಡಿಸಿತು ಅಂತ ಒಂದೊಂದು ಸಾಲು ಬರೆಯಿರಿ. ಹಿಡಿಸದ ಒಂದನ್ನೂ ಕೊಡಿ. ಅದು ನಮಗೆ ಇನ್ನೂ ಉಪಯೋಗ.

‘ಬೇಗ ಕಾಣಬೇಕು’ ಅಂದಿದ್ದೀರಿ. ಎಷ್ಟು ಬೇಗ? ‘ಫೋನಿನಲ್ಲಿ ಪುಟ ತೆರೆದರೆ ಮೊದಲ ಫೋಟೋದ ಕೆಳಗೇ, ಬೆರಳು ಒಂದೇ ಸಲ ಸರಿಸಿದರೆ ಕಾಣಬೇಕು’ ಅಂತ ಬರೆಯಿರಿ. ಮುಗಿದ ದಿನ ನಿಮ್ಮ ಫೋನಿನಲ್ಲಿ ನೀವೇ ನೋಡಿ ಹೇಳಬಹುದು, ಆಯಿತೋ ಇಲ್ಲವೋ ಅಂತ. ಅಕ್ಷರದ ಬಣ್ಣಕ್ಕೂ ಒಂದು ಅಳತೆ ಇದೆ. ವೆಬ್ ಪುಟ ಎಲ್ಲರಿಗೂ ಓದಲು ಆಗಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ ಅನ್ನುವ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ಆನ್‌ಲೈನ್‌ನಲ್ಲಿ ಎರಡು ಬಣ್ಣ ಹಾಕಿದರೆ ಲೆಕ್ಕ ಹಾಕಿ ಕೊಡುವ ಪುಟಗಳಿವೆ. ಕೈಕೆಲಸದ ಅಂಗಡಿಗಳಿಗೆ ಕೆನೆ ಬಣ್ಣದ ಮೇಲೆ ತಿಳಿಬೂದು ಅಕ್ಷರ ಹಾಕುವ ರೂಢಿ ಬಹಳ. ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ, ವಯಸ್ಸಾದವರಿಗೆ ಅದು ಕಾಣುವುದಿಲ್ಲ. ನಾನು ಇದನ್ನು ಪ್ರತಿ ಸಲ ಹೇಳುತ್ತೇನೆ, ಯಾಕೆಂದರೆ ನನ್ನ ಅಮ್ಮ ಫೋನಿನಲ್ಲಿ ಓದಲು ಒದ್ದಾಡುವುದನ್ನು ದಿನಾ ನೋಡುತ್ತೇನೆ.

38 ಪುಸ್ತಕ ಅಂದಿದ್ದೀರಿ. ಆ 38ಕ್ಕೂ ಅಳತೆ, ಪುಟ, ಕಾಗದ ತುಂಬುವವರು ಯಾರು? ನೀವಾ, ಅವರಾ? ಇದು ಬರೆಯದೇ ಇದ್ದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತೀರಿ. ನೀವೇ ತುಂಬುವುದಾದರೆ ಒಂದು ಸ್ಪ್ರೆಡ್‌ಶೀಟ್ ಮಾಡಿ. ಒಂದು ಸಾಲಿಗೆ ಒಂದು ಪುಸ್ತಕ. ಉದ್ದ ಅಗಲ ಮಿಲಿಮೀಟರಿನಲ್ಲಿ ಇರಲಿ, ಎಲ್ಲದಕ್ಕೂ ಒಂದೇ ರೀತಿ. ಎ5 ಅಂತ ಮಾತ್ರ ಬರೆಯಬೇಡಿ, 148 ಗುಣಿಸು 210 ಅಂತಲೂ ಬರೆಯಿರಿ.

ತಿದ್ದುಪಡಿ ಎಷ್ಟು ಸಲ ಅಂತ ಹೇಳಿ. ಎರಡು ಸುತ್ತು ಸಾಕು. ಕೆಲಸ ಮುಗಿದ ಮೇಲೆ ಒಂದು ತಿಂಗಳೊಳಗೆ ಅವರು ಮಾಡಿದ್ದರಲ್ಲಿ ಏನಾದರೂ ಕೆಟ್ಟರೆ ಸರಿ ಮಾಡಿಕೊಡಬೇಕು ಅಂತ ಸೇರಿಸಿ. ಆದರೆ ಹೊಸ ಬೇಡಿಕೆಗೆ ಬೇರೆ ಹಣ ಅಂತ ನೀವೇ ಮೊದಲು ಬರೆದುಬಿಡಿ. ಅದನ್ನು ಓದಿದರೆ ನಮಗೆ ನಿಮ್ಮ ಮೇಲೆ ಗೌರವ ಬರುತ್ತದೆ.

‘ಆಸಕ್ತಿ ಇದ್ದವರು ಬರೆಯಿರಿ’ ಅನ್ನುವ ಕಡೆ ಒಂದು ಪ್ರಶ್ನೆ ಇಡಿ. ಈಗಿನ ಪುಟದ ಕೊಂಡಿ ಕೊಟ್ಟು, ‘ಇದನ್ನು ನಿಮ್ಮ ಫೋನಿನಲ್ಲಿ ನೋಡಿ, ಮೊದಲು ಏನು ಸರಿ ಮಾಡುತ್ತೀರಿ, ಯಾಕೆ, ಎರಡು ಮೂರು ಸಾಲಿನಲ್ಲಿ ಹೇಳಿ’ ಅಂತ. ಎಲ್ಲರಿಗೂ ಒಂದೇ ಉತ್ತರ ಅಂಟಿಸುವವರು ಇಲ್ಲಿ ಉದುರಿಹೋಗುತ್ತಾರೆ. ಉಳಿದವರ ಹಿಂದಿನ ಗ್ರಾಹಕರೊಬ್ಬರ ಹತ್ತಿರ ಮಾತಾಡಿ. ಕೆಲಸ ಹೇಗಿತ್ತು ಅಂದರೆ ಚೆನ್ನಾಗಿತ್ತು ಅನ್ನುತ್ತಾರೆ. ‘ಮಧ್ಯೆ ಏನಾದರೂ ಕೆಟ್ಟಾಗ ನಿಮಗೆ ಯಾವಾಗ ತಿಳಿಸಿದರು?’ ಅಂತ ಕೇಳಿ.

ಸೂಜಿದಾರ ಬರೆದದ್ದು (ಮೂರು ವಾರದ ನಂತರ):

ಈ ಸಲ 8 ಜನ ಬರೆದರು. ಅದರಲ್ಲಿ 5 ಜನ ಪುಟವನ್ನು ನಿಜವಾಗಿ ತೆರೆದು ನೋಡಿದ್ದರು, ಉತ್ತರದಲ್ಲೇ ಗೊತ್ತಾಗುತ್ತಿತ್ತು. ಹಿಂದಿನ ಸಲ ‘ಮೊದಲು ಯಾವುದು’ ಅಂತ ಕೇಳಿದವರಿಗೆ ನಾನೇ ಕಳಿಸಿದ್ದೆ. ಅವರು ನಾವು ಯಾರೂ ಯೋಚಿಸದ ಒಂದನ್ನು ಹೇಳಿದರು. ಬಣ್ಣ ಆರಿಸುವ ಚೌಕಗಳು ಫೋನಿನಲ್ಲಿ ತೀರ ಸಣ್ಣ, ಬೆರಳು ಪಕ್ಕದ ಬಣ್ಣಕ್ಕೆ ಬೀಳುತ್ತದೆ ಅಂತ. ಕಳೆದ ವರ್ಷ ಬಣ್ಣ ತಪ್ಪು ಬಂತು ಅಂತ ವಾಪಸ್ ಬಂದ ಪುಸ್ತಕಗಳು ನೆನಪಾದವು. ನಾವು ಪ್ಯಾಕಿಂಗ್ ತಪ್ಪು ಅಂದುಕೊಂಡು ಒಬ್ಬರ ಮೇಲೊಬ್ಬರು ರೇಗಿದ್ದೆವು.

ರಾತ್ರಿಪಾಳಿಯವರು ಹೇಳಿದ ಹಾಗೆ ಅವರಿಗೂ ಇನ್ನೊಬ್ಬರಿಗೂ ಒಂದೊಂದು ಪುಟ, ಹಣ ಕೊಟ್ಟು, ಮಾಡಿಸಿದೆವು. ಇಬ್ಬರದೂ ಚೆನ್ನಾಗಿತ್ತು. ಒಬ್ಬರು ಹೇಳಿದ ದಿನ ಕೊಡಲಿಲ್ಲ, ನಾನು ಮೇಲ್ ಮಾಡಿದ ಮೇಲೆ ನಾಳೆ ಅಂದರು. ಇನ್ನೊಬ್ಬರಿಗೂ ಒಂದು ದಿನ ತಡವಾಯಿತು. ಆದರೆ ಹಿಂದಿನ ದಿನವೇ ಬರೆದು ತಿಳಿಸಿದ್ದರು. ಅವರನ್ನೇ ಆರಿಸಿದ್ದೇವೆ. ಹಕ್ಕಿನ ಸಾಲು, ಮೂಲ ಫೈಲಿನ ಸಾಲು ಎರಡನ್ನೂ ಓದಿ, ತಾವೂ ಒಂದು ಸಾಲು ಸೇರಿಸಿ ಸಹಿ ಮಾಡಿ ಕಳಿಸಿದರು. ನಾವು ನಮ್ಮ ಭಾಗದ ವಿವರ ಕೊಡಲು ತಡ ಮಾಡಿದರೆ ಮುಗಿಸುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ ಅಂತ. ನ್ಯಾಯವಾಗಿಯೇ ಇತ್ತು.

ಸ್ಪ್ರೆಡ್‌ಶೀಟ್‌ನಲ್ಲಿ 27 ಪುಸ್ತಕ ತುಂಬಿದೆ. ಇನ್ನು 11 ಉಳಿದಿವೆ. ಎಂಟೆಂಟು ಹಾಳೆ ಮಡಚಿ 32 ಪುಟದ ಕಂತೆ ಮಾಡುವಾಗ ಕಣ್ಣು ಮುಚ್ಚಿ ಎಣಿಸುತ್ತಿದ್ದೆ, ಬರೆಯುವಾಗ ಎರಡೆರಡು ಸಲ ನೋಡಬೇಕಾಗಿದೆ. ತಂಗಿ ಅಳತೆಪಟ್ಟಿ ಹಿಡಿದು ಕೂತಿದ್ದಾಳೆ. ಇವತ್ತು ರಾತ್ರಿ ಅವನ್ನೂ ಮುಗಿಸಿ ಕಳಿಸುತ್ತೇವೆ.